ಅಕ್ಕನ ಶ್ರುತಿ, ತಂಗಿಯ ದನಿ

ಕಲ್ಕತ್ತಾ
12 ಮಾರ್ಚ್ 1991

ಬಾನ್,

ನಿನ್ನ ಕ್ಯಾಸೆಟ್ಟು ಹೊರಬಂದ ಸುದ್ದಿಯನ್ನು ನೀನು ಹೇಳಲಿಲ್ಲ, ಹೆತ್ತ ಮೇಯಿಯೂ ಹೇಳಿ ಕಳಿಸಲಿಲ್ಲ. ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದ ಒಬ್ಬ ಗಂಡಸು ಹೇಳಿದ.

ಅವನ ಹೆಸರು ಗುಹ. ಇಲ್ಲಿನ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಸಂಗೀತದ ಬಗ್ಗೆ ಬರೆಯುತ್ತಾನೆ. ಅವನು ಹೊಗಳಿದರೆ ಅಂಗಡಿಯಲ್ಲಿ ಕ್ಯಾಸೆಟ್ಟು ಉಳಿಯುವುದಿಲ್ಲ, ತೆಗಳಿದರೆ ಅಂಗಡಿಯವನು ಡಬ್ಬ ಬಿಚ್ಚುವುದೇ ಇಲ್ಲ. ನಾನು ಪಾರ್ಕ್ ಸ್ಟ್ರೀಟಿನ ಈ ಹೋಟೆಲಿನಲ್ಲಿ ಹಾಡಲು ಸೇರಿದಾಗಿನಿಂದ ಶುಕ್ರವಾರ ತಪ್ಪದೆ ಬರುತ್ತಾನೆ. ನನ್ನೆದುರಿಗೇ ಕೂತು ಊಟ ಮಾಡುತ್ತಾನೆ. ಇಷ್ಟು ವರ್ಷಗಳಲ್ಲಿ ನನ್ನ ಬಗ್ಗೆ ಒಂದು ಸಾಲು ಬರೆದಿಲ್ಲ. ಮೊನ್ನೆ ಹಾಡು ಮುಗಿಸಿ ಕೆಳಗಿಳಿದೆ, ಎದ್ದು ಬಂದು ಕೈ ಮುಗಿದ. ಕೊನೆಗೂ ಬಂತಲ್ಲ ನನ್ನ ದಿನ ಅಂದುಕೊಂಡೆ. ಲಿಪ್‌ಸ್ಟಿಕ್ ಸರಿಯಾಗಿದೆಯೋ ಇಲ್ಲವೋ ಅಂತ ಯೋಚಿಸುತ್ತಿದ್ದೆ, ನಂಬು.

"ನೀವು ಶಿಲ್ಲಾಂಗಿನ ಬನ್ರಿಹುನ್ ಅವರ ಅಕ್ಕ ಅಂತ ಕೇಳಿದೆ, ನಿಜಾನಾ?" ಅಂದ.

"ಹೌದು, ಏನಾಯ್ತು ಅವಳಿಗೆ?" ಅಂದೆ. ಗಾಬರಿಯಾಗಿತ್ತು.

"ಏನಾಯ್ತು ಅಂತೀರಲ್ರೀ! ಈ ದೇಶದಲ್ಲಿ ಇಂಥ ರಾಕ್ ಆಲ್ಬಮ್ ಇದುವರೆಗೂ ಬಂದಿಲ್ಲ. ನಿಮಗೆ ಗೊತ್ತೇ ಇಲ್ವಾ?"

ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ಗೊತ್ತು, ಗೊತ್ತಿಲ್ಲದೆ ಏನು, ಅಂದೆ.

ಈ ವಾರದ ಸಂಚಿಕೆಯಲ್ಲಿ ನಿನಗೆ ಇಡೀ ಪುಟ ಕೊಟ್ಟಿದ್ದಾನೆ. "ಬೆಟ್ಟದ ಏಕಾಂತವಾಸಿನಿ" ಅಂತ ತಲೆಬರಹ. ಯಾರನ್ನೂ ಭೇಟಿಯಾಗುವುದಿಲ್ಲವಂತೆ, ಫೋಟೋ ತೆಗೆಸಿಕೊಳ್ಳುವುದಿಲ್ಲವಂತೆ, ಮಂಜಿನೊಳಗೆ ಮಂಜಾಗಿ ಬದುಕುತ್ತೀಯಂತೆ. ಶಿಲ್ಲಾಂಗಿನ ಇವ್ದು ಸಂತೆಯಲ್ಲಿ ಒಣಮೀನಿನವಳ ಜೊತೆ ಬೀದಿ ಕೇಳುವಂತೆ ಚೌಕಾಸಿ ಮಾಡುವವಳು ನೀನೇ ತಾನೆ? ಅಥವಾ ಅದು ಬೇರೆ ಮಂಜೋ?

ಗಿಟಾರ್ ನುಡಿಸಿದ್ದೀಯ, ಅದು ಸರಿ. ನೀನು ಹಾಡಿದ್ದೀಯಂತಲ್ಲ. ನಮ್ಮ ಬ್ಯಾಂಡಿನಲ್ಲಿ ನೀನು ಯಾವತ್ತು ಹಾಡಿದ್ದೆ? ಮೈಕಿನ ಹತ್ತಿರ ಬರಲು ಹೇಳಿದರೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವಳು.

ನನಗೊಂದು ಪ್ರತಿ ಕಳಿಸುವುದು ಬೇಡ. ಕೊಂಡುಕೊಂಡು ಕೇಳುತ್ತೇನೆ.

ನಿನ್ನ ಅಕ್ಕ (ಅದು ಈಗ ಕಲ್ಕತ್ತಾಕ್ಕೆಲ್ಲ ಗೊತ್ತು),
ಫಿಡಾಲಿಯಾ


ಶಿಲ್ಲಾಂಗ್
27 ಮಾರ್ಚ್ 1991

ಪ್ರೀತಿಯ ಕಾಂಗ್,

ಅಕ್ಕನಾಗಿ ನೀನು ಬೈದದ್ದು ಸರಿ. ನಾನು ಹೇಳಬೇಕಿತ್ತು. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಮೇಯಿಯ ಆರೋಗ್ಯದ ಬಗ್ಗೆ ಬರೆದು ಮುಗಿಸಿದೆ.

ದೊಡ್ಡದೇನೂ ಇರಲಿಲ್ಲ. ನಮ್ಮ ಬ್ಯಾಂಡಿನ ಬಾಹ್ ಕಿರ್ಶಾನ್ ತನ್ನ ಡ್ರಮ್ಮನ್ನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ತಂದಿಟ್ಟ. ಅವನ ಹೆಂಡತಿ ಮನೆಯೊಳಗೆ ಆ ಸದ್ದು ಬೇಡ ಅಂದಳಂತೆ. ಗುವಾಹಟಿಯ ಒಬ್ಬ ಗೆಳೆಯ ರೆಕಾರ್ಡಿಂಗ್ ಯಂತ್ರ ತಂದ. ಚಳಿಗಾಲವೆಲ್ಲ ಬಾಗಿಲಿಗೆ ಕಂಬಳಿ ನೇತುಹಾಕಿ ನುಡಿಸಿದೆವು. ಪಕ್ಕದ ಮನೆಯ ಕೋಳಿ ಎರಡನೇ ಹಾಡಿನಲ್ಲಿ ಕೂಗಿದೆ, ತೆಗೆಯಲು ಆಗಲಿಲ್ಲ. ಅದನ್ನೂ ಯಾರೋ ಹೊಗಳಿದ್ದಾರೆ.

ಮೇಯಿಗೆ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, "ಇವಳಿಗೆ ಹೊಟ್ಟೆನೋವಾ? ಯಾಕೆ ಹಾಗೆ ನರಳ್ತಾಳೆ?" ಅಂದಳು. ನಾನೇ ಅಂದೆ. "ಗೊತ್ತು, ಅದಕ್ಕೇ ಕೇಳ್ದೆ," ಅಂದಳು.

ಹೋದ ವಾರ ದೆಹಲಿಯಿಂದ ಇಬ್ಬರು ಹುಡುಗರು ಕ್ಯಾಮೆರಾ ಹಿಡಿದು ಬಂದಿದ್ದರು. ನಾನು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದೆ. ಮೇಯಿ ಅವರಿಗೆ ಕೆಂಪು ಚಹಾ ಕೊಟ್ಟು, ಅಡಿಕೆ ವೀಳ್ಯ ಕೊಟ್ಟು, ಕಾಲು ಚಾಚಿ ಕೂತು ಹೇಳಿದಳು: "ಅವಳಾ? ಅವಳು ಯಾರಿಗೂ ಸಿಗಲ್ಲಪ್ಪ. ಹೆತ್ತೋಳು ನನಗೇ ಸಿಗಲ್ಲ."

ಒಬ್ಬ ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ನೀವು ಈ ಮನೇಲಿ ಕೆಲಸ ಮಾಡ್ತೀರಲ್ಲ, ಅವರು ಹೇಗೆ?"

"ಸಿಡುಕಿ. ತಿಂದ ತಟ್ಟೇನೂ ತೊಳೆಯಲ್ಲ," ಅಂದೆ. ಬರೆದುಕೊಂಡು ಹೋದ.

ನನಗೆ ಇದೆಲ್ಲ ಅರ್ಥವಾಗುವುದಿಲ್ಲ ಕಾಂಗ್. ಸಂತೋಷವಾಗಿಲ್ಲ ಎಂದರೆ ಸುಳ್ಳು. ಆದರೆ ಅವರು ಬರೆಯುವ ಹೆಂಗಸು ಯಾರೋ ನನಗೆ ತಿಳಿಯದು. ನೀನು ಕೇಳಿದ ಮೇಲೆ ಬರೆ. ನೀನು ಏನು ಹೇಳುತ್ತೀಯೋ ಅದು ಬೇಕು ನನಗೆ.

ನಿನ್ನ
ಬಾನ್


ಕಲ್ಕತ್ತಾ
19 ಏಪ್ರಿಲ್ 1991

ಬಾನ್,

ನಾನು ಏನು ಹೇಳುತ್ತೇನೋ ಬೇಕು ಅಂದೆಯಲ್ಲ, ತಗೋ.

ನಾಲ್ಕನೇ ಹಾಡಿನಲ್ಲಿ ಮೇಲಿನ ಸ್ವರಕ್ಕೆ ಹೋಗುವಾಗ ನಿನ್ನ ದನಿ ಒಡೆಯುತ್ತದೆ. ತಲುಪುವುದೇ ಇಲ್ಲ. ಇಷ್ಟು ದೂರ ಹೋಗಿ ಬೇಲಿ ಹತ್ತಲಾರದ ಆಡಿನ ಹಾಗೆ ನಿಂತುಬಿಡುತ್ತೀಯ. ಗುಹ ಅದಕ್ಕೆ ಏನು ಬರೆದಿದ್ದಾನೆ ನೋಡಿದೆಯಾ? "ಆ ಒಡೆದ ಸ್ವರದಲ್ಲಿ ಒಂದು ತಲೆಮಾರಿನ ನೋವಿದೆ" ಅಂತೆ! ನಾನು ಕನ್ನಡಿ ಮುಂದೆ ಕಿವಿಗೆ ಲೋಲಕ್ಕು ಹಾಕಿಕೊಳ್ಳುತ್ತಾ ಅದೇ ಸ್ವರವನ್ನು ಒಂದೇ ಸಲಕ್ಕೆ ಹಿಡಿದೆ. ಸಲೀಸಾಗಿ. ಉಸಿರು ಕೂಡ ಎಳೆಯಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಶುಕ್ರವಾರ ಗುಹ ಬಂದಿದ್ದಾಗ ನಿನ್ನ ಆ ಹಾಡನ್ನೇ ಎತ್ತಿಕೊಂಡೆ. ನಮ್ಮ ಪಿಯಾನೋದವನಿಗೆ ಮಧ್ಯಾಹ್ನವೇ ಹೇಳಿಕೊಟ್ಟಿದ್ದೆ. ಬಾನ್, ನಾನು ಹಾಡಿದ್ದನ್ನು ನೀನು ಕೇಳಬೇಕಿತ್ತು. ಆ ಸ್ವರ ಬಂದಾಗ ಊಟ ಬಡಿಸುವವರು ತಟ್ಟೆ ಹಿಡಿದು ನಿಂತರು. ಇಂಥ ಹಾಡು ನನಗೆ ಬರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಕೆಳಗಿಳಿದು ನಾನೇ ಅವನ ಮೇಜಿಗೆ ಹೋದೆ. "ಹೇಗಿತ್ತು?" ಅಂದೆ.

ಬಾಯಿ ಒರೆಸಿಕೊಂಡ. "ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು. ಅದೇ ತೊಂದರೆ. ನಿಮ್ಮದು ತೀರಾ ನುಣುಪು. ನಿಮ್ಮ ತಂಗಿ ಹಾಡಿದ್ರೆ ಎದೆ ತರಚುತ್ತೆ."

ಅಲ್ಲೇ ಅವನ ತಟ್ಟೆಯಲ್ಲಿದ್ದದ್ದನ್ನು ಮುಖಕ್ಕೆ ಬಳಿಯಬೇಕು ಅನ್ನಿಸಿತು. ನಕ್ಕು ಬಂದೆ. ಇನ್ನೂ ಎರಡು ಹಾಡು ಬಾಕಿ ಇತ್ತು.

ಒಂದು ಮಾತು ಕೇಳುತ್ತೇನೆ. ನೀನು ಕಿರಿಮಗಳು. ಮನೆ ನಿನಗೆ ಬಂತು. ಅಜ್ಜಿಯ ಹವಳದ ಸರ ನಿನಗೆ ಬಂತು. ಮೇಯಿ ನಿನ್ನ ಪಾಲಿಗೆ ಬಂದಳು. ನಮ್ಮ ಕುಲದ ಪದ್ಧತಿ ಅದು, ನಾನು ಯಾವತ್ತಾದರೂ ತುಟಿ ಬಿಚ್ಚಿದ್ದೆನಾ? ನನ್ನದು ಅಂತ ಇದ್ದದ್ದು ಗಂಟಲು ಒಂದೇ. ಹಾಡುವುದು ಫಿಡಾ, ನುಡಿಸುವುದು ಬಾನ್. ಊರೇ ಹಾಗೆ ಹೇಳುತ್ತಿತ್ತು. ಅದೂ ನಿನಗೇ ಬೇಕಾಯಿತಾ?

ಫಿಡಾ


ಶಿಲ್ಲಾಂಗ್
8 ಮೇ 1991

ಕಾಂಗ್,

ಆ ಸ್ವರ ನನಗೆ ಎಟುಕುವುದಿಲ್ಲ. ಯಾಕೆಂದರೆ ಅದನ್ನು ಇಟ್ಟದ್ದು ನಿನಗಾಗಿ.

ಒಂದಲ್ಲ, ಎಲ್ಲ ಹಾಡುಗಳೂ ನಿನ್ನ ಶ್ರುತಿಯಲ್ಲಿವೆ. ಕಟ್ಟುವಾಗ ನನ್ನ ತಲೆಯಲ್ಲಿ ಹಾಡುತ್ತಿದ್ದದ್ದು ನೀನು. ಎರಡು ವರ್ಷದ ಹಿಂದೆ ಕ್ರಿಸ್‌ಮಸ್ಸಿಗೆ ನೀನು ಬಂದಿದ್ದಾಗ ಒಲೆ ಮುಂದೆ ಕೂತು ಎರಡು ನುಡಿಸಿದೆ, ನೆನಪಿದೆಯಾ? ನೀನು ಉಗುರಿಗೆ ಬಣ್ಣ ಹಚ್ಚುತ್ತಿದ್ದೆ. ಅದು ಒಣಗಲಿ ಅಂತ ಊದುತ್ತಾ, ತಂಗಿಯನ್ನು ಮುದ್ದಿಸುವ ದನಿಯಲ್ಲಿ, "ಚೆನ್ನಾಗಿದೆ ಹೆಪ್, ಆದ್ರೆ ಇದಕ್ಕೆಲ್ಲ ಯಾರು ಕುಣೀತಾರೆ?" ಅಂದೆ. ಇಲ್ಲೇ ಇದ್ದು ಹಾಡುತ್ತೀಯಾ ಅಂತ ಕೇಳಬೇಕೆಂದು ಗಂಟಲವರೆಗೆ ಬಂದಿತ್ತು. ಮರುದಿನ ನಿನ್ನ ಬಸ್ಸು.

ಶ್ರುತಿ ಇಳಿಸು ಅಂತ ಬಾಹ್ ಕಿರ್ಶಾನ್ ಬೈದ. "ನೀನೇನು ಹಾಡಿ ಸಾಯ್ಬೇಕು ಅಂತಿದೀಯಾ?" ಅಂದ. ಇಳಿಸಲು ಮನಸ್ಸಾಗಲಿಲ್ಲ. ನಿನ್ನ ಅಳತೆಗೆ ಹೊಲಿದದ್ದನ್ನು ಕತ್ತರಿಸಿ ನಾನು ತೊಟ್ಟುಕೊಂಡ ಹಾಗಾಗುತ್ತಿತ್ತು. ಹಾಗೇ ತೊಟ್ಟೆ, ದೊಗಳೆಯಾಯಿತು. ಅದನ್ನು ಜನ ಹೊಸ ಮಾದರಿ ಅನ್ನುತ್ತಿದ್ದಾರೆ. ನಾನೇನು ಮಾಡಲಿ?

ಮನೆ ನನಗೆ ಬಂತು ಅಂದೆ. ಬಂತು. ಮಾಡು ಸೋರುವುದು ನನಗೆ ಬಂತು. ಚಿಕ್ಕಮ್ಮಂದಿರ ಜಗಳ, ಸತ್ತವರ ಕೆಲಸ, ಮೇಯಿಯ ಮಂಡಿನೋವು ನನಗೆ ಬಂತು. ನೀನು ಕೆಂಪು ಗೌನು ತೊಟ್ಟು ದೀಪದ ಕೆಳಗೆ ನಿಂತಿರುತ್ತೀಯ ಅಂತ ನೆನೆದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಏನಾಗುತ್ತಿತ್ತು ಅಂತ ನಿನಗೆ ಗೊತ್ತಾ? ನೀನು ಮೊದಲ ಸಲ ಉರಿಯುತ್ತಿದ್ದೀಯ. ನನಗೆ ಅದು ಹಳೆಯ ಕಾಯಿಲೆ.

ಒಂದೇ ಒಂದು ಬೇಡಿಕೆ. ನಿನ್ನ ಹತ್ತಿರ ಪತ್ರಿಕೆಯವರು ಬರುತ್ತಾರೆ, ನನಗೆ ಗೊತ್ತು. ದಿಮಾಪುರದ ವಿಷಯ ಹೇಳಬೇಡ. ಅವತ್ತು ಎರಡನೇ ಹಾಡಿನ ನಡುವೆ ನನ್ನ ಬೆರಳು ಸೆಟೆದುಹೋದದ್ದು, ಜನ ಕೂಗಿದ್ದು, ನೀನು ಗಿಟಾರಿಲ್ಲದೆ ಒಬ್ಬಳೇ ಹಾಡು ಮುಗಿಸಿದ್ದು, ನಾನು ಪರದೆಯ ಹಿಂದೆ ವಾಂತಿ ಮಾಡಿಕೊಂಡು ಕೂತದ್ದು. ಆಂಪ್ಲಿಫೈಯರ್ ಕೆಟ್ಟಿತು ಅಂತ ಎಲ್ಲರಿಗೂ ಹೇಳಿದವಳು ನೀನೇ. ಅದು ಹಾಗೇ ಇರಲಿ. ಏಕಾಂತವಾಸಿನಿ ಅಂತಾದರೂ ಅಂದುಕೊಳ್ಳಲಿ.

ಬಾನ್


ಕಲ್ಕತ್ತಾ
2 ಜುಲೈ 1991

ಬಾನ್,

ಇಲ್ಲಿ ಸೆಕೆ. ಕರೆಂಟು ಹೋಗುತ್ತಾ ಬರುತ್ತಾ ಇದೆ. ಮೇಯಿಯ ಮಂಡಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚು.

ಬೊಂಬಾಯಿಯ ಒಂದು ಮಾಸಪತ್ರಿಕೆಯಿಂದ ಒಬ್ಬ ಹುಡುಗಿ ಬಂದಿದ್ದಳು. ನನ್ನದೂ ಫೋಟೋ ತೆಗೆದರು, ಕೆಂಪು ಗೌನಿನಲ್ಲಿ. ನಿನ್ನ ಬಗ್ಗೆಯೇ ಕೇಳಲು ಬಂದಿದ್ದಳು, ಆದರೂ ನನ್ನ ಬಗ್ಗೆಯೂ ಎರಡು ಮಾತು ಕೇಳಿದಳು. ಒಳ್ಳೆಯ ಹುಡುಗಿ. ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಾ ಕೂತಿರುತ್ತಾಳೆ. ಹಾಗೆ ಕೇಳುವವರು ಸಿಕ್ಕರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ.

ಬೇರೆ ವಿಶೇಷವಿಲ್ಲ.

ಫಿಡಾ


ಶಿಲ್ಲಾಂಗ್
14 ಆಗಸ್ಟ್ 1991

ಕಾಂಗ್,

ಪತ್ರಿಕೆ ಬಂತು. ಬಾಹ್ ಕಿರ್ಶಾನ್ ತಂದು ಮೇಜಿನ ಮೇಲಿಟ್ಟು ಹೋದ.

"ಅವಳಿಗೆ ಏಕಾಂತವೂ ಇಲ್ಲ, ಏನೂ ಇಲ್ಲ. ಹೆದರಿಕೆ. ದಿಮಾಪುರದಲ್ಲಿ ಕೈ ಸೆಟೆದುಹೋಯಿತು, ಅವತ್ತು ಮರ್ಯಾದೆ ಉಳಿಸಿದವಳು ನಾನು. ಅವಳಿಗೆ ಹಾಡಲೂ ಬರುವುದಿಲ್ಲ." ನೀನು ಹೇಳಿದ್ದು ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ.

ನಿನ್ನ ಫೋಟೋ ಚೆನ್ನಾಗಿ ಬಂದಿದೆ. ಅದನ್ನು ಮೇಯಿಗೆ ತೋರಿಸಿದೆ. ಬರೆದದ್ದನ್ನು ಓದಿ ಹೇಳಲಿಲ್ಲ.

ಬನ್ರಿಹುನ್


ಕಲ್ಕತ್ತಾ
20 ಸೆಪ್ಟೆಂಬರ್ 1991

ಬಾನ್,

ಈ ಪತ್ರಕ್ಕೆ ನೀನು ಉತ್ತರ ಬರೆಯುವುದಿಲ್ಲ ಅಂತ ಗೊತ್ತು. ಎರಡು ಪತ್ರ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಗುಹನ ಹೊಸ ಲೇಖನ ಅಲ್ಲಿಗೂ ತಲುಪಿರಬೇಕು. ನನ್ನ ಮಾತನ್ನೇ ಹಿಡಿದುಕೊಂಡು, ತಾನು ಮೋಸಹೋದೆ ಅಂತ ಬರೆದಿದ್ದಾನೆ. ಒಡೆದ ಸ್ವರ ಕಲೆಯಲ್ಲ, ಕೈಲಾಗದತನವಂತೆ. ಏಕಾಂತ ಅನ್ನುವುದು ಅಂಜುಬುರುಕಿಯ ಸೋಗಂತೆ. ಮಾರ್ಚಿನಲ್ಲಿ ತಲೆಯ ಮೇಲೆ ಹೊತ್ತವನು ಈಗ ಚರಂಡಿಗೆ ಎಸೆದಿದ್ದಾನೆ.

ಮೊದಲ ಸಲ ಓದಿದಾಗ ನನಗೆ ಸಂತೋಷವಾಯಿತು. ಇದನ್ನು ನಿನಗೆ ಬರೆಯುತ್ತಿದ್ದೇನೆ, ಯಾಕೆಂದರೆ ನೀನು ಹೇಗೂ ಊಹಿಸುತ್ತೀಯ. ಮಾರ್ಚಿನಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದ ಹಾಗಾಯಿತು. ಚಹಾ ಮಾಡಿಕೊಂಡು ಕುಡಿದೆ. ಎರಡನೇ ಸಲ ಓದಿದೆ. "ಈ ಹೆಂಗಸು" ಅಂತ ಬರೆದಿದ್ದ ನಿನ್ನನ್ನು. ಈ ಹೆಂಗಸು! ಚಹಾ ಅಲ್ಲೇ ಬಿಟ್ಟು ಅವನ ಆಫೀಸಿಗೆ ಹೋದೆ. ತಲೆ ಕೂಡ ಬಾಚಿರಲಿಲ್ಲ.

"ಏನ್ರೀ ಬರೆದಿದೀರಾ?" ಅಂದೆ. ಟೈಪು ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು.

"ಕೂತ್ಕೊಳ್ಳಿ ಮಿಸ್ ಫಿಡಾ—"

"ಕೂರಕ್ಕೆ ಬಂದಿಲ್ಲ. ಮಾರ್ಚಲ್ಲಿ ಎದೆ ತರಚಿತ್ತಲ್ಲ, ಗಾಯ ಇಷ್ಟು ಬೇಗ ಮಾಯ್ತಾ? ಕ್ಯಾಸೆಟ್ಟು ಅದೇ, ಕಿವಿ ಅದೇ. ಏನು ಬದಲಾಯ್ತು?"

"ಆದರೆ ಅವರಿಗೆ ಹಾಡಕ್ಕೆ ಬರಲ್ಲ ಅಂತ ನೀವೇ ಹೇಳಿದ್ರಲ್ಲ!"

"ನಾನು ಹೇಳ್ತೀನಿ! ಎತ್ತಿ ಆಡ್ಸಿದೋಳು ನಾನು, ಜಡೆ ಹಾಕಿದೋಳು ನಾನು, ಹೊಟ್ಟೆಕಿಚ್ಚು ಪಡೋಳೂ ನಾನು. ನಿಮಗೆ ಅವಳೇನಾಗ್ಬೇಕು? ಅಕ್ಕ ಅಂದಿದ್ದನ್ನ ಕೇಳಿ ಬರೆಯೋದಾದ್ರೆ ನಿಮ್ಮ ಕಿವಿ ಯಾಕೆ ಬೇಕು?"

ಅವನು ಕನ್ನಡಕ ತೆಗೆದು ಒರೆಸುತ್ತಾ ಕೂತ. ಆಮೇಲೆ ತಣ್ಣಗೆ ಹೇಳಿದ, "ದಿಮಾಪುರದ್ದು ನಾನು ಬರೆದಿದ್ದಲ್ಲ. ಅದು ಹೊರಗೆ ಬಂದಿದ್ದು ನಿಮ್ಮ ಬಾಯಿಂದ."

ಮೆಟ್ಟಿಲಿಳಿದು ಟ್ರಾಮು ಹತ್ತಿದೆ. ಎಲ್ಲಿಗೆ ಹೋಗುವ ಟ್ರಾಮು ಅಂತ ನೋಡಿರಲಿಲ್ಲ.

ಹೊಟ್ಟೆಕಿಚ್ಚಿಗೆ ಕ್ಷಮೆ ಕೇಳುವುದಿಲ್ಲ, ಬಾನ್. ಅದು ಇನ್ನೂ ಇದೆ, ಇದ್ದೇ ಇರುತ್ತದೆ. ದಿಮಾಪುರಕ್ಕೆ ಕೇಳುತ್ತೇನೆ. ಬೇಡ ಅಂದದ್ದನ್ನು ಬೇಕೆಂದೇ ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ.

ಫಿಡಾ


ಶಿಲ್ಲಾಂಗ್
25 ನವೆಂಬರ್ 1991

ಕಾಂಗ್,

ಎರಡು ತಿಂಗಳು ಬರೆಯಲಿಲ್ಲ. ಬರೆಯಬಾರದು ಅಂತಲೇ ಇದ್ದೆ. ಈಗ ಬರೆಯುತ್ತಿರುವುದು ರಾಜಿಗಲ್ಲ, ಒಂದು ಸುದ್ದಿ ಹೇಳಲು.

ಆ ಎರಡು ಲೇಖನಗಳಾದ ಮೇಲೆ ಗೇಟಿನ ಹತ್ತಿರ ಯಾರೂ ಬರಲಿಲ್ಲ. ಕ್ಯಾಸೆಟ್ಟಿನ ಕಂಪೆನಿಯವರ ಕಾಗದವೂ ನಿಂತಿತು. ಸಂತೆಯಲ್ಲಿ ಮಾತ್ರ ಎಲ್ಲರೂ ಕೇಳುತ್ತಿದ್ದರು. ಒಣಮೀನಿನವಳು ನನ್ನ ಕೈಯನ್ನೇ ಹಿಡಿದು ತಿರುವಿ ನೋಡಿದಳು. "ಇದೇನಾ ಸೆಟ್ಕೊಳ್ಳೋ ಕೈ? ನನಗೂ ಚಳಿಗಾಲದಲ್ಲಿ ಹಾಗೇ ಆಗುತ್ತೆ, ಸಾಸಿವೆ ಎಣ್ಣೆ ಹಚ್ಚು," ಅಂದಳು. ಇಷ್ಟು ವರ್ಷ ನಾನು ಮುಚ್ಚಿಟ್ಟದ್ದಕ್ಕೆ ಅವಳ ಹತ್ತಿರ ಎಣ್ಣೆ ಇತ್ತು. ಮನೆಗೆ ಬಂದು ನಕ್ಕೆ. ಆಮೇಲೆ ಅತ್ತೆ. ಯಾವುದು ಹೆಚ್ಚು ಹೊತ್ತು ಅಂತ ಗೊತ್ತಿಲ್ಲ.

ಹೋದ ಶನಿವಾರ ಇಗರ್ಜಿಯ ಪಕ್ಕದ ಸಭಾಂಗಣದಲ್ಲಿ ನುಡಿಸಿದೆ. ಹೌದು, ವೇದಿಕೆಯ ಮೇಲೆ. ಬಾಹ್ ಕಿರ್ಶಾನ್ ಕೇಳಿದಾಗ ಬೇಡ ಅನ್ನಲು ಬಾಯಿ ತೆಗೆದೆ, ಬೇಡ ಅನ್ನಲು ಕಾರಣ ಯಾವುದೂ ಉಳಿದಿಲ್ಲ ಅಂತ ಆಗ ಗೊತ್ತಾಯಿತು. ಗುಟ್ಟು ಅಂತ ಇದ್ದದ್ದು ಒಂದು, ಅದು ಅಂಗಡಿಯಲ್ಲಿ ಮಾರಾಟಕ್ಕಿತ್ತು.

ಜನ ಗೋಡೆಗೆ ಒರಗಿ ನಿಂತಿದ್ದರು, ಕಿಟಕಿಯಲ್ಲೂ ಇದ್ದರು. ಮೂರನೇ ಹಾಡಿನಲ್ಲಿ ಕೈ ಸೆಟೆಯಿತು. ದಿಮಾಪುರದ ಹಾಗೇ, ಬೆರಳು ತಂತಿಯ ಮೇಲೆ ಮರದ ಕಡ್ಡಿಯಾದವು. ಬಾಹ್ ಕಿರ್ಶಾನ್ ಡ್ರಮ್ ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಮೈಕಿನ ಹತ್ತಿರ ಹೋದೆ. "ನಿಂತೋಯ್ತು. ಸ್ವಲ್ಪ ತಡೀರಿ," ಅಂದೆ.

ಹಿಂದಿನಿಂದ ಒಬ್ಬ ಮುದುಕ ಕೂಗಿದ, "ನಿಧಾನಕ್ಕೆ ಮಗಳೇ, ನಮಗೇನು ರೈಲು ಹಿಡೀಬೇಕಾ?"

ತಡೆದರು. ಕೆಮ್ಮುವವರು ಕೂಡ ಕೆಮ್ಮಲಿಲ್ಲ. ಕೈ ತಿಕ್ಕಿಕೊಂಡೆ, ಬಾಯಿಯಿಂದ ಊದಿದೆ. ಎಷ್ಟು ಹೊತ್ತೋ ಏನೋ. ಬೆರಳು ಬಿಟ್ಟುಕೊಂಡವು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಂಡೆ.

ಇದನ್ನು ನೀನು ಮಾಡಿದ ಉಪಕಾರ ಅಂತ ತಿಳಿಯಬೇಡ. ನೀನು ನನ್ನನ್ನು ಬೀದಿಗೆ ತಳ್ಳಿದೆ, ನಾನು ಬೀದಿಯಲ್ಲಿ ನಡೆದೆ, ಅಷ್ಟೇ. ಬಿದ್ದಿದ್ದರೆ? ಆ ಪ್ರಶ್ನೆ ನಿನ್ನ ಹತ್ತಿರವೇ ಇರಲಿ. ನಾನಿನ್ನೂ ನಿನ್ನನ್ನು ಕ್ಷಮಿಸಿಲ್ಲ. ಇದನ್ನೆಲ್ಲ ಇಷ್ಟು ವಿವರವಾಗಿ ಬರೆದದ್ದು ನಿನ್ನ ಹೊಟ್ಟೆ ಉರಿಯಲಿ ಅಂತ.

ಬಾನ್


ಕಲ್ಕತ್ತಾ
6 ಡಿಸೆಂಬರ್ 1991

ಹೆಪ್,

ಉರಿಯಿತು. ನಿನ್ನ ಲೆಕ್ಕ ತಪ್ಪಲಿಲ್ಲ.

ಕೈ ಸೆಟೆದದ್ದನ್ನು ಓದುವಾಗ ನನ್ನ ಕೈ ತಣ್ಣಗಾಯಿತು, ಅದು ನಿಜ. ಆದರೆ ಅವರು ತಡೆದರು ಅಂತ ಬರೆದಿದ್ದೀಯಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ. ಇಷ್ಟು ಜನ ಸುಮ್ಮನೆ ನಿಂತು ಒಂದು ಸ್ವರಕ್ಕೆ ಕಾದರು. ನನಗೆ ಇಲ್ಲಿ ಯಾರೂ ಕಾದಿಲ್ಲ. ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಬಿಲ್ಲು ತರಲು ಕೂಗುತ್ತಾರೆ. ಅದು ತಪ್ಪು ಅಂತ ಇಷ್ಟು ದಿನ ಅನ್ನಿಸಿರಲೂ ಇಲ್ಲ. ನಿನ್ನ ಪತ್ರ ಬಂದ ಮೇಲೆ ಪ್ರತಿ ಹಾಡಿನಲ್ಲೂ ಕೇಳಿಸುತ್ತಿದೆ.

ಮ್ಯಾನೇಜರಿಗೆ ಹೇಳಿದೆ, ಹೊಸವರ್ಷದ ಊಟ ಮುಗಿದ ಮೇಲೆ ನಾನಿಲ್ಲ ಅಂತ. "ಬೇರೆ ಹೋಟೆಲ್ಲಾ?" ಅಂದ. ಅಲ್ಲ ಅಂದೆ. "ಮದುವೆನಾ?" ಅಂದ. ಈ ವಯಸ್ಸಿನಲ್ಲಿ ಹೆಂಗಸಿಗೆ ಮೂರನೆಯ ದಾರಿ ಇರಬಹುದು ಅಂತ ಅವನಿಗೆ ಹೊಳೆಯಲಿಲ್ಲ.

ಏನು ಮಾಡುತ್ತೇನೆ ಅಂತ ಗೊತ್ತಿಲ್ಲ. ನಿನ್ನ ಬ್ಯಾಂಡಿಗೆ ಸೇರಲು ಬರುತ್ತಿಲ್ಲ, ಅದು ಸ್ಪಷ್ಟವಿರಲಿ. ನಿನ್ನ ಹಾಡುಗಳ ಹಿಂದೆ ನಿಂತು 'ಆ' ಎಂದು ದನಿಗೂಡಿಸಲಾರೆ. ನಾನು ಚೆನ್ನಾಗಿ ಹಾಡಿ, ಯಾವನೋ ಬಂದು "ಅಕ್ಕನ ದನಿಯೂ ಪರವಾಗಿಲ್ಲ" ಅಂತ ಬರೆದರೆ ಅವತ್ತೇ ಸಾಯುತ್ತೇನೆ. ನನ್ನದು ಅಂತ ಏನಾದರೂ ಹಾಡಬೇಕು. ನನಗೆ ಕಟ್ಟಲು ಬರುತ್ತದೋ ಇಲ್ಲವೋ, ಯಾವತ್ತೂ ನೋಡಿಲ್ಲ.

ಅದಕ್ಕೆ ಇರಲು ಜಾಗ ಬೇಕು. ದೊಡ್ಡ ಮಗಳಿಗೆ ಆ ಮನೆಯಲ್ಲಿ ಹಕ್ಕಿಲ್ಲ, ಗೊತ್ತು. ಮೇಯಿಯನ್ನು ಕೇಳಿದರೆ ಹೂಂ ಅನ್ನುತ್ತಾಳೆ, ಆದ್ದರಿಂದ ಅವಳನ್ನು ಕೇಳುತ್ತಿಲ್ಲ. ಮನೆ ನಿನ್ನದು. ನಿನ್ನನ್ನು ಕೇಳುತ್ತಿದ್ದೇನೆ. ಇದುವರೆಗೆ ನಿನ್ನನ್ನು ಏನೂ ಕೇಳಿದವಳಲ್ಲ ನಾನು. ಈ ಸಾಲು ಬರೆಯಲು ಎರಡು ದಿನ ಹಿಡಿಯಿತು.

ಬಂದರೆ ಹೊಟ್ಟೆಕಿಚ್ಚನ್ನೂ ಗಂಟುಮೂಟೆ ಕಟ್ಟಿಕೊಂಡೇ ಬರುತ್ತೇನೆ. ಬಾಗಿಲು ತೆಗೆಯುವ ಮೊದಲೇ ನಿನಗೆ ತಿಳಿದಿರಲಿ.

ಫಿಡಾ


ಶಿಲ್ಲಾಂಗ್
17 ಡಿಸೆಂಬರ್ 1991

ಕಾಂಗ್,

ಬಂದುಬಿಡು.

ಮನೆಯ ಹಿಂದಿನ ನಿನ್ನ ಕೋಣೆಯಲ್ಲಿ ಈಗ ಡ್ರಮ್ ಇದೆ. ತೆಗೆಯುವುದಿಲ್ಲ. ಪಕ್ಕದಲ್ಲಿ ಮಂಚ ಹಾಕಿಸಿದ್ದೇನೆ, ಕಾಲು ಮಡಚಿ ಮಲಗಬೇಕು. ಬೆಳಿಗ್ಗೆ ನಾನು ಬೇಗ ಎದ್ದು ಅಭ್ಯಾಸ ಮಾಡುತ್ತೇನೆ, ಗೊಣಗಬಾರದು. ನೀರು ಸರದಿಯ ಮೇಲೆ ಹೊರಬೇಕು, ಉಗುರಿನ ಬಣ್ಣ ಹೋಗುತ್ತದೆ ಅಂತ ನೆಪ ಹೇಳಿದರೆ ನಡೆಯದು. ನೀನು ಬರುವ ಸುದ್ದಿ ಕೇಳಿ ಮೇಯಿ, "ಇನ್ನು ಇಬ್ಬರ ಜಗಳ ಹತ್ತಿರದಿಂದ ಕೇಳ್ಬೇಕಾ!" ಅಂತ ತಲೆ ಚಚ್ಚಿಕೊಂಡು, ಆಮೇಲೆ ನಿನ್ನ ಕಂಬಳಿ ತೆಗೆದು ಬಿಸಿಲಿಗೆ ಹಾಕಿದಳು.

ಒಂದು ಷರತ್ತು. ಬಂದ ದಿನವೇ ನನ್ನೆದುರಿಗೆ ಕೂತು ಕ್ಯಾಸೆಟ್ಟು ಪೂರ್ತಿ ಕೇಳಬೇಕು, ಎರಡೂ ಬದಿ. ಎದ್ದು ಹೋಗಬಾರದು, ಏನನ್ನೂ ಹೇಳಬಾರದು. ಬೇರೆಯವರು ಹೊಗಳಿದ್ದನ್ನೂ ತೆಗಳಿದ್ದನ್ನೂ ನಾನು ಒಂದಕ್ಷರ ನಂಬಿಲ್ಲ. ಕೇಳುವಾಗ ನಿನ್ನ ಮುಖ ಹೇಗಾಗುತ್ತದೆ ಅಂತ ನಾನು ನೋಡಬೇಕು.

ಬಾನ್